ಪೋಷಕರಿಗೊಂದು ಅರ್ಧ ದಿನದ ತರಬೇತಿ: ಬದಿಯಡ್ಕದ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಶಾಲೆಯೊಂದರಲ್ಲಿ ಮಕ್ಕಳ ಶಿಸ್ತಿನ ಕುರಿತು ನಡೆದ ತರಬೇತಿಗೆ 300 ರೂಪಾಯಿ ಶುಲ್ಕವೆಂದಾಗ ಹಿಂಜರಿದೆನಾದರೂ, ಹೋದದ್ದಕ್ಕೆ ಪಶ್ಚಾತ್ತಾಪವಿಲ್ಲ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ ಗುರುತಿಸಿದ, ಪ್ರೀತಿಯೊಂದಿಗೆ ದೃಢತೆಯನ್ನೂ ಬೆರೆಸುವ ಪಾಲನಾ ರೀತಿಯನ್ನು ತರಬೇತಿ ನೀಡಿದ ಶಿಕ್ಷಕಿಯವರು ನಮ್ಮ ಮನೆಮಾತಿನಲ್ಲೇ ವಿವರಿಸಿದರು: ಊಟದ ಹೊತ್ತಿಗೆ ಮೊಬೈಲ್ ಇಲ್ಲವೆಂದು ಅಮ್ಮ ಹೇಳಿದ ಮೇಲೆ ಅಜ್ಜಿ ಕದ್ದುಮುಚ್ಚಿ ಕೊಟ್ಟರೆ, ಮಗು ಕಲಿಯುವುದು ನಿಯಮವನ್ನಲ್ಲ, ಅಜ್ಜಿಯ ಬಳಿಗೆ ಓಡುವುದನ್ನು. (ನಮ್ಮಲ್ಲಿ ಹಾಗೆ ಕೊಡುವವನು ನಾನೇ ಎಂಬುದು ಬೇರೆ ಮಾತು.) ನಿಯಮಗಳು ಎರಡೋ ಮೂರೋ ಸಾಕು, ಅವುಗಳ ಕಾರಣವನ್ನು ತಿಳಿಸಬೇಕು, ಮೀರಿದಾಗ ಬೈಗುಳ ಬೆತ್ತಗಳಿಲ್ಲದೆ ಮೊದಲೇ ಹೇಳಿದ ಪರಿಣಾಮವನ್ನು ತಪ್ಪದೆ ಜಾರಿಗೊಳಿಸಬೇಕು ಎಂಬ ಭಾಗ ಅತ್ಯುತ್ತಮವಾಗಿತ್ತು. ಹದಿಹರೆಯದವರ ವಿಷಯವನ್ನು ಹತ್ತೇ ನಿಮಿಷಗಳಲ್ಲಿ ಮುಗಿಸಿದ್ದು ನಿರಾಸೆ ತಂದಿತು. ಕನ್ನಡ ಶಾಲೆಯಲ್ಲಿ ಹಂಚಿದ ಕೈಪಿಡಿ ಮಲಯಾಳಂನಲ್ಲಿ ಮಾತ್ರವಿದ್ದದ್ದಂತೂ ಸರಿಯೆನಿಸಲಿಲ್ಲ.