1911 ಪಿಸ್ತೂಲು: ಕೈಕೊಡುವುದು ಹೆಚ್ಚಾಗಿ ಮ್ಯಾಗಜೀನು

ಜಾನ್ ಬ್ರೌನಿಂಗ್ ರೂಪಿಸಿದ ಈ .45 (ಗುಂಡಿನ ವ್ಯಾಸ, ಇಂಚಿನಲ್ಲಿ) ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು. 1985ರಲ್ಲಿ ಇಟಲಿಯ ಬೆರೆಟ್ಟಾ ಪಿಸ್ತೂಲು ಬರುವ ತನಕ ಅದೇ ಸೈನಿಕರ ಸೊಂಟದಲ್ಲಿತ್ತು. 5 ಇಂಚಿನ ಬ್ಯಾರಲ್, 7 ಗುಂಡಿನ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ), ಖಾಲಿ ಇದ್ದಾಗ ಸುಮಾರು 1.1 ಕೆ.ಜಿ. ತೂಕ. ಈ ಹಳೆಯ ಮಿಲಿಟರಿ ಮಾದರಿಯನ್ನು ಮನೆಯಲ್ಲಿ ಸುಸ್ಥಿತಿಯಲ್ಲಿಡುವುದು ಎಷ್ಟು ಸುಲಭ ಅನ್ನುವುದೇ ಇಲ್ಲಿನ ವಿಮರ್ಶೆ. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ಕನ್ನಡಿಗರಿಗೆ ಇದು ನೇರ ಉಪಯೋಗ. ಊರಿನ ಲೈಸೆನ್ಸುದಾರರ .32 ಪಿಸ್ತೂಲುಗಳ ಒಳರಚನೆ ಸಾಮಾನ್ಯವಾಗಿ ಬೇರೆ, ಹಾಗಾಗಿ ಇಲ್ಲಿನದನ್ನು ಅದಕ್ಕೆ ಹೊಂದಿಸಬೇಡಿ.

ಬಿಚ್ಚಿ ಜೋಡಿಸುವ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಎಳೆದು ಚೇಂಬರನ್ನು (ಬ್ಯಾರಲಿನಲ್ಲಿ ಗುಂಡು ಕೂರುವ ಜಾಗ) ಕಣ್ಣಿಂದಲೂ ಬೆರಳಿಂದಲೂ ನೋಡಿ. ಈ ಕ್ರಮ ತಲೆಕೆಳಗಾದರೆ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಚೇಂಬರಿಗೆ ಏರಿರುತ್ತದೆ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮೂತಿಯ ಕೆಳಗಿನ ಪ್ಲಗ್ ಒತ್ತಿ ಹಿಡಿದು, ಎದುರಿನಿಂದ ನೋಡಿದಾಗ ಬುಶಿಂಗನ್ನು (ಬ್ಯಾರಲ್ ತುದಿಯನ್ನು ಹಿಡಿದಿಡುವ ಬಳೆ) ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಪ್ಲಗ್ಗಿನ ಮೇಲಿನ ಹೆಬ್ಬೆರಳು ಸಡಿಲಬಾರದು, ಸ್ಪ್ರಿಂಗ್ ಅದನ್ನು ಕಣ್ಣಿಗೇ ಚಿಮ್ಮಿಸುತ್ತದೆ. ಕನ್ನಡಕ ಹಾಕಿಕೊಂಡೇ ಈ ಕೆಲಸ. ನಂತರ ಸ್ಲೈಡಿನ ಚಿಕ್ಕ ಅರ್ಧಚಂದ್ರ ಕಚ್ಚು ಸ್ಲೈಡ್ ಸ್ಟಾಪಿನ (ಎಡಬದಿಯಲ್ಲಿ ಸ್ಲೈಡನ್ನು ತಡೆದು ನಿಲ್ಲಿಸುವ ಕೊಂಡಿ) ನೇರಕ್ಕೆ ಬರುವಷ್ಟು ಹಿಂದೆ ಎಳೆದು ಸ್ಟಾಪನ್ನು ಬಲಗಡೆಯಿಂದ ತಳ್ಳಿದರೆ ಎಲ್ಲ ಬಿಡಿಬಿಡಿ. ಸಲಕರಣೆ ಒಂದೂ ಬೇಡ. ಸ್ಪ್ರಿಂಗಿನೊಳಗೆ ಉದ್ದದ ಗೈಡ್ ರಾಡ್ (ದಾರಿ ಹಿಡಿಸುವ ಸರಳು) ಹಾಕಿದ ಹೊಸ ಮಾದರಿಗಳು ಈ ಸರಳತೆಯನ್ನೇ ಕಳೆದಿವೆ. ಆ ರಾಡಿನಿಂದ ಸಿಗುವ ಲಾಭ ನಮಗಂತೂ ಕಂಡಿಲ್ಲ.

ಜೋಡಿಸುವಾಗ ಸ್ಲೈಡ್ ಸ್ಟಾಪನ್ನು ಫ್ರೇಮಿನ (ಹಿಡಿಯಿರುವ ಕೆಳಭಾಗ) ಮೇಲೆ ಉಜ್ಜುತ್ತಾ ಮೇಲಕ್ಕೆ ತಿರುಗಿಸಿದರೆ ಅದರ ಕೆಳಗೆ ಬಿಲ್ಲಿನಾಕಾರದ ಗೀರು ಬೀಳುತ್ತದೆ. ಸೆಕೆಂಡ್‌ಹ್ಯಾಂಡ್ ಪಿಸ್ತೂಲು ಕೊಳ್ಳುವವರು ಮೊದಲು ನೋಡುವ ಜಾಗವೇ ಅದು. ಅಲ್ಲಿ ಒಂದು ತುಂಡು ಟೇಪ್ ಅಂಟಿಸಿಕೊಂಡರೆ ಸಾಕು.

ಬ್ಯಾರಲ್ ಹೊರಗೆ ಬರುವುದರಿಂದ ಬ್ರಶ್ಶನ್ನು ಚೇಂಬರ್ ಕಡೆಯಿಂದಲೇ ಹಾಕಿ, ಮೂತಿಯ ಅಂಚು ಸವೆಯುವುದಿಲ್ಲ. ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು ಕಂಚಿನ ಬ್ರಶ್, ಆಮೇಲೆ ಬಟ್ಟೆ. ಎಣ್ಣೆ ತೊಟ್ಟಿನ ಲೆಕ್ಕದಲ್ಲಿ ಸಾಕು: ಸ್ಲೈಡ್ ಜಾರುವ ಎರಡೂ ರೈಲ್‌ಗೆ ಒಂದೊಂದು, ಬುಶಿಂಗ್ ಉಜ್ಜುವ ಬ್ಯಾರಲ್ ತುದಿಗೊಂದು, ಬ್ಯಾರಲನ್ನು ಸ್ಲೈಡಿಗೆ ಕಚ್ಚಿಸುವ ಮೇಲಿನ ಲಾಕಿಂಗ್ ಲಗ್‌ಗಳಿಗೊಂದು, ಬ್ಯಾರಲಿನ ಅಡಿಯ ಓಲಾಡುವ ಕೊಂಡಿ ಲಿಂಕಿಗೊಂದು. ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ ಕೊಳವೆಗೂ ಮ್ಯಾಗಜೀನಿನೊಳಕ್ಕೂ ಎಣ್ಣೆ ಬೇಡ, ಮಸಿ ಸೇರಿ ಅಂಟಾಗುತ್ತದೆ. ಈ ಮಸಿಯಲ್ಲಿ ಸೀಸ ಇರುವುದರಿಂದ ಅಡುಗೆಮನೆಯ ಮೇಜು ಬೇಡವೇ ಬೇಡ. ಕಿಟಕಿ ತೆರೆದಿಡಿ, ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ತೊಂದರೆಗಳು. ಗುಂಡು ಸಿಕ್ಕಿಕೊಂಡ ಕೂಡಲೇ ಗುಂಡು ಚೇಂಬರಿಗೆ ಏರುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪನ್ನು ಅರದಿಂದ ಉಜ್ಜಲು ಹೊರಡುವವರಿದ್ದಾರೆ. ದಯವಿಟ್ಟು ಬೇಡ, ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಮ್ಯಾಗಜೀನುಗಳಿಗೆ ನಂಬರ್ ಬರೆದು ಯಾವುದರಲ್ಲಿ ತೊಂದರೆ ಅಂತ ಗುರುತಿಡಿ. ಒಂದರಲ್ಲೇ ಪದೇಪದೇ ಆದರೆ ಅದರ ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಬಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಕೊನೆಯ ಗುಂಡಿನ ನಂತರ ಸ್ಲೈಡ್ ತೆರೆದು ನಿಲ್ಲದಿದ್ದರೂ ಮೊದಲ ಅನುಮಾನ ಆ ಸ್ಪ್ರಿಂಗಿನ ಮೇಲೇ.

ಎಲ್ಲ ಮ್ಯಾಗಜೀನಿನಲ್ಲೂ ಆದರೆ ಖಾಲಿ ಕೇಸನ್ನು (ಗುಂಡಿನ ಲೋಹದ ಕವಚ) ಚೇಂಬರಿನಿಂದ ಎಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್ ನೋಡಿ. 1911ರಲ್ಲಿ ಇದಕ್ಕೆ ಬೇರೆ ಸ್ಪ್ರಿಂಗ್ ಇಲ್ಲ, ಉದ್ದನೆಯ ಆ ಉಕ್ಕಿನ ತುಂಡೇ ಬಾಗಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಸ್ಲೈಡನ್ನು ಫ್ರೇಮಿನಿಂದ ಬೇರೆ ಮಾಡಿ, ಒಂದು ಡಮ್ಮಿ (ಮದ್ದಿಲ್ಲದ) ಗುಂಡನ್ನು ಕೆಳಗಿನಿಂದ ಕೊಕ್ಕೆಯೊಳಗೆ ಜಾರಿಸಿ. ಮೆಲ್ಲಗೆ ಅಲ್ಲಾಡಿಸಿದರೆ ನಿಲ್ಲಬೇಕು, ಜೋರಾಗಿ ಒದರಿದರೆ ಬೀಳಬೇಕು. ಮೆಲ್ಲಗೆ ಅಲ್ಲಾಡಿಸಿದಾಗಲೇ ಬಿದ್ದರೆ ಹಿಡಿತ ಸಡಿಲ, ಖಾಲಿ ಕೇಸು ಹೊರಗೆ ಹಾರದೆ ಕಿಂಡಿಯಲ್ಲಿ ನೆಟ್ಟಗೆ ನಿಲ್ಲುವುದು ಇದರಿಂದಲೇ. ಒದರಿದರೂ ಬೀಳದಿದ್ದರೆ ಬಿಗಿ ಹೆಚ್ಚು, ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಚೇಂಬರಿಗೆ ಕೈಯಿಂದ ಒಂದೇ ಗುಂಡು ಇಟ್ಟು ಸ್ಲೈಡ್ ಬಿಡುವ ಅಭ್ಯಾಸವೇ ಈ ಕೊಕ್ಕೆಯನ್ನು ಹಾಳುಮಾಡುವುದು. ಗುಂಡಿನ ಅಂಚು ಮ್ಯಾಗಜೀನಿನಿಂದ ಏರುತ್ತಾ ಕೊಕ್ಕೆಯ ಅಡಿಗೆ ಜಾರಿ ಕೂರಬೇಕೆಂದೇ ಬ್ರೌನಿಂಗ್ ಇದನ್ನು ಮಾಡಿದ್ದು.

ಮೂರನೆಯದು ಹಿಂದೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗ್. 5 ಇಂಚಿನ .45ಕ್ಕೆ 16 ಪೌಂಡ್ ಬಲದ್ದು ವಾಡಿಕೆ. ಖಾಲಿ ಕೇಸುಗಳು ಮೊದಲಿಗಿಂತ ದೂರ ಹಾರತೊಡಗಿದರೆ ಅದು ದಣಿದಿದೆ. ಎರಡು ಮೂರು ಸಾವಿರ ಗುಂಡಿಗೊಮ್ಮೆ ಬದಲಿಸುವುದು ಅಗ್ಗದ ಕೆಲಸ.

ಜೋಡಿಸಿದ ಮೇಲೆ ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಪರೀಕ್ಷಿಸಿ. ಥಂಬ್ ಸೇಫ್ಟಿ (ಹೆಬ್ಬೆರಳಿನ ತಡೆ) ಮೇಲಿದ್ದಾಗ ಟ್ರಿಗರ್ ಎಳೆದರೆ ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಸುತ್ತಿಗೆ) ಬೀಳಬಾರದು. ಟ್ರಿಗರ್ ಬಿಟ್ಟು ಸೇಫ್ಟಿ ಇಳಿಸಿದಾಗಲೂ ಬೀಳಬಾರದು. ಹಿಡಿಯ ಹಿಂಬದಿಯ ಗ್ರಿಪ್ ಸೇಫ್ಟಿ ಒತ್ತದೆ ಎಳೆದರೂ ಅಷ್ಟೇ. ಸ್ಲೈಡನ್ನು ಅರ್ಧ ಸೆಂಟಿಮೀಟರ್ ಹಿಂದೆ ಹಿಡಿದು ಎಳೆದರೂ ಅಲುಗಬಾರದು. ಇವುಗಳಲ್ಲಿ ಒಂದು ತಪ್ಪಿದರೂ, ಅಥವಾ ಸ್ಲೈಡ್ ಮುಚ್ಚುವಾಗ ಹ್ಯಾಮರ್ ತಾನಾಗಿ ಅದರ ಹಿಂದೆಯೇ ಇಳಿದು ಬಂದರೂ, ಗುಂಡು ತುಂಬಬೇಡಿ. ಹ್ಯಾಮರನ್ನು ಹಿಡಿದಿಡುವ ಸಿಯರ್ ಮತ್ತು ಹ್ಯಾಮರ್ ಕಚ್ಚುಗಳು ಮನೆಯಲ್ಲಿ ಮುಟ್ಟುವಂಥವಲ್ಲ, ನೇರ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.