ಫೋನಿನ ಡಂಜನ್ನೋ, ಕಂಪ್ಯೂಟರಿನ ಡಂಜನ್ನೋ?

ಸಿಂಧನೂರಿನ ತಮ್ಮ ಕೇಳಿದ್ದಾನೆ: ‘ಅಣ್ಣಾ, ಡಂಜನ್ ಕ್ರಾಲರ್ ಆಡ್ಬೇಕಂತೀನಿ. ಶ್ಯಾಟರ್ಡ್ ಪಿಕ್ಸೆಲ್ ಡಂಜನ್ನೋ, ಲೆಜೆಂಡ್ ಆಫ್ ಗ್ರಿಮ್‌ರಾಕೋ?’

ಡಂಜನ್ ಕ್ರಾಲರ್ ಅಂದ್ರೆ ನೆಲಮಾಳಿಗೆಯಂಥ ಜಟಿಲ ಜಾಗದಲ್ಲಿ ಶತ್ರುಗಳನ್ನ ಎದುರಿಸ್ತಾ ಮುಂದೆ ಹೋಗೋ ವಿಡಿಯೋ ಗೇಮ್. ದುಡ್ಡಿನ ಮಾತು ಬೇಗ ಮುಗಿಯುತ್ತೆ. ಶ್ಯಾಟರ್ಡ್ ಪಿಕ್ಸೆಲ್ ಡಂಜನ್, ಚಿಕ್ಕದಾಗಿ ಪಿಕ್ಸೆಲ್ ಅನ್ನೋಣ, ಆಂಡ್ರಾಯ್ಡ್ ಫೋನಲ್ಲಿ ಪುಕ್ಕಟೆ, ಜಾಹೀರಾತೂ ಇಲ್ಲ. ಕಂಪ್ಯೂಟರಲ್ಲಿ ಆಡೋ 2012ರ ಗ್ರಿಮ್‌ರಾಕ್‌ಗೆ ದುಡ್ಡು ಕೊಡಬೇಕು. ರಿಯಾಯಿತಿ ಬರೋ ತನಕ ಕಾಯಬಹುದು.

ಪಿಕ್ಸೆಲ್‌ನಲ್ಲಿ ನೀನು ಹೆಜ್ಜೆ ಇಟ್ಟರೆ ಮಾತ್ರ ಶತ್ರು ಹೆಜ್ಜೆ ಇಡೋದು. ರಾಯಚೂರು ಬಸ್ಸಲ್ಲಿ ಕಂಡಕ್ಟರ್ ಬಂದರೆ ಫೋನ್ ಜೇಬಿಗಿಡು, ಆಟ ಅಲ್ಲೇ ಕಾಯುತ್ತೆ, ನೆಟ್ಟೂ ಬೇಡ. ಗ್ರಿಮ್‌ರಾಕ್‌ನ ಹೊಡೆದಾಟ ಯಾರಿಗೂ ಕಾಯಲ್ಲ. ಬೇಸಿಗೆಯಲ್ಲಿ ಕರೆಂಟ್ ಕೈಕೊಡೋ ಮನೆಯಾದರೆ ಆಗಾಗ ಸೇವ್ ಮಾಡಿಕೊ.

ನಿಜವಾದ ವ್ಯತ್ಯಾಸ ಸೋಲಿನಲ್ಲಿದೆ. ಪಿಕ್ಸೆಲ್‌ನಲ್ಲಿ ಸತ್ತರೆ ಮೊದಲಿಂದ ಶುರು. ಮಹಡಿಗಳ ನಕ್ಷೆಯೂ ಹೊಸದು, ದಾರಿಯಲ್ಲಿ ಸಿಗೋ ಔಷಧದ ಬುಡ್ಡಿಗಳ ಗುಣವೂ ಅದಲುಬದಲು: ಈ ಸಲ ಗಾಯ ಮಾಯಿಸಿದ ಕೆಂಪು ಔಷಧ ಮುಂದಿನ ಸಲ ಮೈಗೆ ಬೆಂಕಿ ಹಚ್ಚಬಹುದು. ಕುಡಿಯೋಕೆ ಮುಂಚೆ ನೀರಿನ ಪಕ್ಕ ನಿಲ್ಲೋ ಬುದ್ಧಿ ತಾನಾಗೇ ಬರುತ್ತೆ. ನನಗಂತೂ ಇದೇ ಚಟ.

ಗ್ರಿಮ್‌ರಾಕ್‌ದು ಒಗಟಿನ ಸುಖ. ನಾಲ್ವರು ಕೈದಿಗಳು, ಆರುತ್ತಾ ಹೋಗೋ ಪಂಜು, ನೆಲದ ಹಲಗೆ ಮೇಲೆ ಕಲ್ಲಿಟ್ಟರಷ್ಟೇ ತೆರೆದಿರೋ ಬಾಗಿಲು. ಶುರುವಲ್ಲೇ ನಕ್ಷೆ ಬೇಡ ಅಂದುಕೊಂಡರೆ ಚೌಕುಳಿ ಹಾಳೆಯಲ್ಲಿ ನೀನೇ ಬರೀಬೇಕು. ಆದರೆ ಒಮ್ಮೆ ಬಿಡಿಸಿದ ಒಗಟು ಎರಡನೇ ಸಲ ಸಪ್ಪೆ.

ಹಾಸ್ಟೆಲ್, ಬಸ್ಸು, ಹತ್ತು ನಿಮಿಷದ ಬಿಡುವು ಅಂದ್ರೆ ಪಿಕ್ಸೆಲ್ ಹಾಕ್ಕೊ. ಕಂಪ್ಯೂಟರ್ ಇದ್ದು, ರಜೆಗೆ ಗೆಳೆಯನೂ ಪಕ್ಕದಲ್ಲಿ ಕೂತು ತಲೆ ಕೆಡಿಸಿಕೊಳ್ತಾನಂದ್ರೆ ಗ್ರಿಮ್‌ರಾಕ್.