ವೇಪಲಕ್ಸ್ ಎಂ320ಗೆ ಯಾವ ಬಣ್ಣ: ಸ್ಪ್ರೇ ಡಬ್ಬಿ, ಪೌಡರ್ ಕೋಟಿಂಗ್, ಟೂಕೆ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ವಿಲ್ಲಿಸ್ ಅಂಡ್ ಬೇಟ್ಸ್ ಕಂಪನಿ ಬ್ರಿಟಿಷ್ ಸೇನೆಗೆ ಮಾಡಿಕೊಟ್ಟ ಎಂ320, ನಮ್ಮ ಮದುವೆ ಮನೆಯ ಗ್ಯಾಸ್‌ಲೈಟಿನ ಹತ್ತಿರದ ನೆಂಟ. ಅದೇ ಸೀಮೆಎಣ್ಣೆ, ಅದೇ ಪಂಪು, ಅದೇ ಮ್ಯಾಂಟಲ್. ಹಿತ್ತಾಳೆ ಟ್ಯಾಂಕಿಗೆ ಸೇನೆಯ ಹಸಿರು ಬಳಿದಿರುತ್ತದೆ, ಅಷ್ಟೇ. ಆ ಹಸಿರನ್ನು ಮರಳಿ ತರಲು ಮೂರು ದಾರಿಗಳನ್ನೂ ಹಿತ್ತಾಳೆಯ ಮೇಲೆ ಮಾಡಿ ನೋಡಿದ ಮೇಲೆ ಬರೆದದ್ದು ಇದು.

ಬಣ್ಣಕ್ಕೆ ಮೊದಲು ಸೋರಿಕೆ ನೋಡಿ. ಟ್ಯಾಂಕ್ ಖಾಲಿ ಮಾಡಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಕಡೆ ಬೆಸುಗೆ ಆಗಬೇಕು. ಬಣ್ಣ ಹಚ್ಚಿದ ಮೇಲೆ ಬೆಸುಗೆ ಹಾಕಿದರೆ ಸುತ್ತಲಿನದೆಲ್ಲ ಸುಟ್ಟುಹೋಗುತ್ತದೆ. ಹಳೆಯ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಒಳ್ಳೆಯದು. ಮರಳು ಹೊಡೆಸಬೇಡಿ: ಸೇನೆಯ ಸ್ವತ್ತು ಎಂದು ಟ್ಯಾಂಕಿನ ಮೇಲೆ ಒತ್ತಿದ ಬಾಣದ ಗುರುತು, ಇಸವಿ ಎರಡೂ ಸವೆಯುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ್ದಾಗ ಉಜ್ಜದೆ ನೀರು ಹಾಕಿಕೊಂಡು 320ರ, ಆಮೇಲೆ 600ರ ವಾಟರ್ ಪೇಪರ್ ಬಳಸಿ.

ಸ್ಪ್ರೇ ಡಬ್ಬಿಯ ಎನಾಮೆಲ್ ಅಗ್ಗ, ಬೇಗ ಮುಗಿಯುವ ಕೆಲಸ. ಮೊದಲ ದಿನ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಎಣ್ಣೆ ಹಾಕುವಾಗ ಮುಚ್ಚಳದ ಸುತ್ತ ಚೆಲ್ಲುವ ನಾಲ್ಕು ಹನಿಯನ್ನೂ ಅದು ತಡೆಯುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒಂದು ಗಂಟೆ ಅಂಟಿಸಿಟ್ಟು ತೆಗೆದರೆ ಹತ್ತಿ ಹಸಿರಾಗಿರುತ್ತದೆ, ಕೆಳಗಿನ ಬಣ್ಣ ಉಗುರಿಗೆ ಎದ್ದು ಬರುತ್ತದೆ. ಕಪಾಟಿನಲ್ಲಿಡುವ ದೀಪಕ್ಕೆ ಸಾಕು, ಉರಿಸುವ ದೀಪಕ್ಕೆ ಬೇಡ.

ಪೌಡರ್ ಕೋಟಿಂಗ್ ಮೂರರಲ್ಲಿ ಗಟ್ಟಿ, ಎಣ್ಣೆಗೂ ಗೀರಿಗೂ ಜಗ್ಗುವುದಿಲ್ಲ. ಹಾಗಿದ್ದೂ ಟ್ಯಾಂಕಿಗೆ ಅದು ಕೂಡದು. ಪೌಡರ್ ಕರಗಿ ಗಟ್ಟಿಯಾಗಲು ಒಲೆಯಲ್ಲಿ 180ರಿಂದ 200 ಡಿಗ್ರಿ ಬೇಕು. ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರು. ಹೊರಗೆ ಹೊಳೆಯುವ ಟ್ಯಾಂಕಿನ ಕೀಲು ಒಳಗೇ ಸಡಿಲಾಗಿರುತ್ತದೆ. ಒತ್ತಡದಲ್ಲಿ ಸೀಮೆಎಣ್ಣೆ ಇರುವ ಪಾತ್ರೆಯಲ್ಲಿ ಇದು ಬೆಂಕಿ ಅನಾಹುತಕ್ಕೆ ದಾರಿ. ಪದರವೂ ದಪ್ಪ, ಬಾಣದ ಗುರುತು ಮುಚ್ಚಿಹೋಗುತ್ತದೆ. ಬೆಸುಗೆಯಿಲ್ಲದ ಉಕ್ಕಿನ ಹಿಡಿಕೆಗೆ ಮಾತ್ರ ಧಾರಾಳವಾಗಿ ಮಾಡಿಸಿ.

ಟ್ಯಾಂಕಿಗೆ ನಮ್ಮ ಆಯ್ಕೆ ಕಾರ್ ಗ್ಯಾರೇಜಿನವರು ಟೂಕೆ (2K) ಎನ್ನುವ, ಗಟ್ಟಿಯಾಗಲು ಹಾರ್ಡನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್. ಬ್ರಿಟಿಷ್ ಬಣ್ಣಪಟ್ಟಿ ಬಿಎಸ್ 381ಸಿಯಲ್ಲಿ 224 ಎಂದರೆ ಡೀಪ್ ಬ್ರಾಂಜ್ ಗ್ರೀನ್, 285 ಎಂದರೆ ನೇಟೋ ಗ್ರೀನ್. ಮುಚ್ಚಳದ ಕೆಳಗೆ ಬಿಸಿಲು ಕಾಣದೆ ಉಳಿದ ಬಣ್ಣದ ಚೂರನ್ನು ಇವೆರಡರ ಪಕ್ಕ ಹಿಡಿದು ಆರಿಸಿ. ಹಿತ್ತಾಳೆಗೆ ರೆಡ್ ಆಕ್ಸೈಡ್ ಸರಿಯಾಗಿ ಹಿಡಿಯುವುದಿಲ್ಲ. ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ತೆಳುವಾಗಿ ಒಂದೇ ಕೋಟು. ಅದರ ಮೇಲೆ ಯಾವ ಪೇಂಟ್ ನಿಲ್ಲುತ್ತದೆಂದು ಡಬ್ಬಿಯಲ್ಲೇ ನೋಡಿಕೊಳ್ಳಿ, ಕೆಲವಕ್ಕೆ ನಡುವೆ ಇನ್ನೊಂದು ಪ್ರೈಮರ್ ಬೇಕಾಗುತ್ತದೆ. ಹಾರ್ಡನರ್ ಕೂಡ ಅಳೆದೇ ಹಾಕಿ: ಕಡಿಮೆಯಾದರೆ ಪೇಂಟ್ ಮೆತ್ತಗೇ ಉಳಿದು ಎಣ್ಣೆಗೆ ಸೋಲುತ್ತದೆ. ತೆಳುವಾದ ಎರಡು ಕೋಟು, ನಡುವೆ 15 ನಿಮಿಷ. ಪಂಪಿನ ಬಾಯಿ, ತ್ರೆಡ್, ವಾಷರ್ ಕೂರುವ ಜಾಗಕ್ಕೆಲ್ಲ ಮೊದಲೇ ಟೇಪ್ ಸುತ್ತಿರಬೇಕು. ಅಲ್ಲಿ ಬಣ್ಣ ಕೂತರೆ ಗಾಳಿ ನಿಲ್ಲುವುದಿಲ್ಲ. ಏಳು ದಿನ ಬಿಟ್ಟು ಅದೇ ಹತ್ತಿ ಇಟ್ಟು ನೋಡಿದರೆ ಬೆಳ್ಳಗೇ ಬರುತ್ತದೆ. ಆದರೆ ಹಾರ್ಡನರಿನ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ. ಸರಿಯಾದ ಗಾಳಿ ವ್ಯವಸ್ಥೆಯಿರುವ ಗ್ಯಾರೇಜಿನಲ್ಲೇ ಹೊಡೆಸಿ.

ಮೇಲಿನ ಟೋಪಿಯ ಲೆಕ್ಕವೇ ಬೇರೆ. ಅಲ್ಲಿನ ಬಿಸಿಗೆ ಟೂಕೆ ಸುಟ್ಟು ಏಳುತ್ತದೆ. ಸಿಲಿಕೋನ್ ಇರುವ ಹೀಟ್ ಪೇಂಟೇ ಬೇಕು, ಪ್ರೈಮರ್ ಇಲ್ಲದೆ ಬರಿ ಲೋಹದ ಮೇಲೆ, ತೀರ ತೆಳುವಾಗಿ. ದಪ್ಪವಾದರೆ ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ದೀಪವನ್ನು ಹೊರಗಿಟ್ಟು 20 ನಿಮಿಷ ಉರಿಸಿ, ಪೂರ್ತಿ ತಣಿಸಿ, ಮತ್ತೆ 40 ನಿಮಿಷ ಉರಿಸಿ. ಮೊದಲ ಸಲ ಹೊಗೆ, ವಾಸನೆ ಬರುವುದು ಸಹಜ. ಅಲ್ಲಿಯವರೆಗೆ ಬಣ್ಣ ಮೆತ್ತಗಿರುತ್ತದೆ, ಟೋಪಿಯನ್ನು ಬೆರಳಲ್ಲೂ ಮುಟ್ಟಬೇಡಿ.